ಡಾಕ್ಟರಮ್ಮನ ಎಡ ಅಂಗೈ

ಅವರ ಎಡಗೈ ಪೂರ್ತಿ ಬಿಚ್ಚುತ್ತಿರಲಿಲ್ಲ. ಅಂಗೈ ಚರ್ಮದ ಕೆಳಗಿನ ಪದರ ವಯಸ್ಸಿನೊಂದಿಗೆ ಗಟ್ಟಿಯಾಗಿ, ಕಿರುಬೆರಳು ಮತ್ತು ಉಂಗುರದ ಬೆರಳು ಒಳಕ್ಕೆ ಬಾಗಿ ನಿಂತಿದ್ದವು. ಮೇಜಿನ ಮೇಲೆ ಕೈಯನ್ನು ಅಂಗಾತ ಇಟ್ಟರೆ ಸಣ್ಣದೊಂದು ಬಟ್ಟಲಿನ ಹಾಗೆ ಕಾಣುತ್ತಿತ್ತು. ಅವರೊಂದಿಗೆ ಕೆಲಸ ಮಾಡಿದ್ದ ಕೈ ಶಸ್ತ್ರಚಿಕಿತ್ಸಕರೊಬ್ಬರು ಅದನ್ನು ನೇರ ಮಾಡಿಕೊಡುತ್ತೇನೆ, ಬೆಳಿಗ್ಗೆ ಬಂದರೆ ಸಂಜೆಗೆ ಮನೆಗೆ ಹೋಗಬಹುದು ಎಂದು ಎಷ್ಟೋ ಸಲ ಕರೆದಿದ್ದರಂತೆ. ಇವರು ಹೋಗಲಿಲ್ಲ. ಯಾಕೆಂದು ನಾನು ಕೇಳಿದಾಗ, "ಇರ್ಲಿ ಬಿಡ ತಂಗಿ, ದೇವರು ಕುಂದ್ರು ಜಾಗಾ ಇದು," ಎಂದಿದ್ದರು. ಪ್ರತಿ ಬೆಳಿಗ್ಗೆ ಸ್ನಾನವಾದ ಮೇಲೆ ಆ ಅಂಗೈಯಲ್ಲಿ ಇಷ್ಟಲಿಂಗವನ್ನು ಇಟ್ಟುಕೊಂಡು, ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ನೆಟ್ಟಗೆ ಕೂತಿರುತ್ತಿದ್ದರು. ಆಗ ಮಾತ್ರ ಅವರ ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ.

ಉಳಿದ ಹೊತ್ತಿನಲ್ಲೆಲ್ಲ ಇರುತ್ತಿತ್ತು. ನಾನು ಓದಲು ಮ್ಯಾಂಚೆಸ್ಟರಿಗೆ ಬಂದ ವರ್ಷ ಡಿಡ್ಸ್‌ಬರಿ ಬಡಾವಣೆಯ ಅವರ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಸೇರಿದೆ. ಮೊದಲ ವಾರವೇ ತಪ್ಪು ದಿನ ತಪ್ಪು ಬಣ್ಣದ ಕಸದ ಬಿನ್ ಹೊರಗಿಟ್ಟೆನೆಂದು ನನ್ನನ್ನು ಬೈದರು, ಆಮೇಲೆ ನಗರಸಭೆಯ ಕೌನ್ಸಿಲ್‌ನವರನ್ನು ಬೈದರು, ಕೊನೆಗೆ ಇಂಥ ಬಿನ್ ಕಂಡುಹಿಡಿದವನನ್ನೂ ಬಿಡಲಿಲ್ಲ. ಅಕ್ಟೋಬರ್ ಕಳೆಯುವವರೆಗೂ ಮನೆಯ ಹೀಟಿಂಗ್ ಹಚ್ಚುತ್ತಿರಲಿಲ್ಲ. ಅವರ ಸಿಟ್ಟಿಗೇ ಮನೆ ಬೆಚ್ಚಗಿತ್ತು ಎಂದು ನಾನು ಗೆಳತಿಯರಿಗೆ ಹೇಳಿ ನಗುತ್ತಿದ್ದೆ.

ಅವರು ಧಾರವಾಡದ ಕಡೆಯ ಲಿಂಗಾಯತರು. ಅರವಳಿಕೆ ವೈದ್ಯೆಯಾಗಿ ಇಲ್ಲಿನ ಆಸ್ಪತ್ರೆಯಲ್ಲಿ ಆಯುಷ್ಯವಿಡೀ ದುಡಿದು ನಿವೃತ್ತರಾದವರು. ಊರಿನ ಕನ್ನಡಿಗರೆಲ್ಲ ಅವರನ್ನು ಡಾಕ್ಟರಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ನಾನು ಹರಿಹರದ ಸಾಬರ ಹುಡುಗಿ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ ಕಲಿತವಳು. ಕೋಣೆ ನೋಡಲು ಬಂದ ದಿನ ನನ್ನ ಹೆಸರು ಕೇಳಿ ಅವರು ಹಿಂಜರಿಯಬಹುದು ಎಂದು ನಾನೇ ಮೊದಲು ಹಿಂಜರಿದು ನಿಂತಿದ್ದೆ. ಅವರು ಹೇಳಿದ್ದು ಇಷ್ಟೇ: ಮಾಂಸ ಹೊರಗೆ ತಿಂದುಕೊಂಡು ಬಾ, ನಮಾಜು ಒಳಗೇ ಮಾಡು, ಬಚ್ಚಲಲ್ಲಿ ಕೂದಲು ಬಿಡಬೇಡ. ರಂಜಾನಿನಲ್ಲಿ ಸೂರ್ಯ ಮುಳುಗುವ ಹೊತ್ತನ್ನು ನನಗಿಂತ ಅವರೇ ಕಟ್ಟುನಿಟ್ಟಾಗಿ ನೋಡುತ್ತಿದ್ದರು. ಲ್ಯಾಬಿನಿಂದ ತಡವಾಗಿ ಬಂದರೆ ಖರ್ಜೂರದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು, ಹೊತ್ತು ಮೀರಿದೆ, ದೇವರನ್ನು ಹೀಗಾ ಕಾಯಿಸುವುದು ಎಂದು ಗದರುತ್ತಿದ್ದರು.

ಒಂದು ಸಂಜೆ ಹೀಗೇ ಖರ್ಜೂರ ತಿನ್ನುತ್ತ ಕೂತಿದ್ದಾಗ, ನಿಮ್ಮಲ್ಲಿ ಸತ್ತವರನ್ನು ಹೇಗೆ ಮಲಗಿಸುತ್ತಾರೆ ಎಂದು ಕೇಳಿದರು. ಬಲ ಮಗ್ಗುಲಿಗೆ, ಮುಖ ಕಾಬಾದ ಕಡೆಗೆ ಎಂದೆ. ಅವರು ತಲೆಯಾಡಿಸಿ ತಮ್ಮ ಕಡೆಯ ಕ್ರಮ ಹೇಳಿದರು. ಹೆಣವನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಕಾಲು ಮಡಿಸಿ ಪೂಜೆಗೆ ಕೂತ ಹಾಗೆ ಕೂರಿಸುತ್ತಾರೆ. ಆಳವಾದ ಕುಣಿಯೊಳಗೆ ಗೂಡು ತೆಗೆದು ಅದರಲ್ಲಿ ಇಳಿಸಿ, ಎಡ ಅಂಗೈಯಲ್ಲಿ ಅವರದೇ ಇಷ್ಟಲಿಂಗವನ್ನಿಟ್ಟು, ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚುತ್ತಾರೆ. ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಮೈ ಬಿಟ್ಟು ಹೋಗಬಾರದು, ಮಣ್ಣಿನಲ್ಲೂ. "ನೀವೂ ಮಣ್ಣಿಗೆ ಕೊಡಾವ್ರು, ನಾವೂ ಮಣ್ಣಿಗೆ ಕೊಡಾವ್ರು. ನಾವು ಕುಂತಿರ್ತೇವಿ, ನೀವು ಮಲಗಿರ್ತೀರಿ, ಅಷ್ಟ," ಎಂದು ನಕ್ಕರು. ಅವರು ನಗುವುದೇ ಅಪರೂಪವಾದ್ದರಿಂದ ಅದು ನನಗೆ ಚೆನ್ನಾಗಿ ನೆನಪಿದೆ.

ಅವರ ಮನೆಯ ಕಪಾಟಿನ ತುಂಬ ಈಜಿಪ್ಟಿನ ಪುಸ್ತಕಗಳಿದ್ದವು. ವಿಧವೆಯಾದ ಮೇಲೆ ಸುಮಾರು ಸಲ ಅಲ್ಲಿಗೆ ಹೋಗಿ ಬಂದಿದ್ದರು. ಪಿರಮಿಡ್ಡುಗಳ ಮೇಲೆ ಅವರಿಗೆ ಅಂಥ ಪ್ರೀತಿಯೇನೂ ಇರಲಿಲ್ಲ, ಬರೀ ದೊಡ್ಡಸ್ತಿಕೆ ಎನ್ನುತ್ತಿದ್ದರು. ಗೋರಿಗಳೆಂದರೆ ಮಾತ್ರ ಎಲ್ಲ ಕೆಲಸ ಬಿಟ್ಟು ಕೂರುತ್ತಿದ್ದರು. ಸತ್ತವರಿಗೆ ಆ ಜನ ಕೊಟ್ಟಷ್ಟು ಮರ್ಯಾದೆಯನ್ನು ಬೇರೆ ಯಾರೂ ಕೊಟ್ಟಿಲ್ಲ, ಆ ಸತ್ತವರಿಗೆ ಆದಷ್ಟು ಅವಮಾನ ಬೇರೆ ಯಾರಿಗೂ ಆಗಿಲ್ಲ ಎನ್ನುವುದು ಅವರ ಮಾತು. ಹೆಣವನ್ನು ಬಿಚ್ಚಿ ಗಾಜಿನೊಳಗಿಟ್ಟು ಶಾಲೆಯ ಮಕ್ಕಳಿಗೆ ತೋರಿಸುವ ಇಲ್ಲಿನ ಮ್ಯೂಸಿಯಂಗಳಿಗೆ ಅವರು ಕಾಲಿಡುತ್ತಿರಲಿಲ್ಲ.

ನನ್ನ ಓದಿನ ಎರಡನೇ ವರ್ಷ ನಮ್ಮ ಕನ್ನಡ ಬಳಗದವರು ಚಳಿಗಾಲದ ರಜೆಗೆ ಈಜಿಪ್ಟ್ ಪ್ರವಾಸ ಗೊತ್ತು ಮಾಡಿದರು. ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮಿನ ಕುಟುಂಬಗಳು. ಜೊತೆಗೆ ಪುಳಿಯೋಗರೆ ಗೊಜ್ಜಿನ ಡಬ್ಬಿಗಳು. ಮುಂದಾಳು ಬಳಗದ ಅಧ್ಯಕ್ಷರು. ಬೆಂಗಳೂರಿನವರು, ವ್ಯಾಪಾರಸ್ಥರು, ಯಾರ ಮನೆಯಲ್ಲಿ ಏನಾದರೂ ಹೇಳದೆಯೇ ಬಂದು ನಿಲ್ಲುವವರು, ನಿಂತ ಮೇಲೆ ಎಲ್ಲರ ಪರವಾಗಿ ತಾವೇ ತೀರ್ಮಾನ ಮಾಡುವವರು. ಕನ್ನಡಿಗರೆಂದರೆ ಎಲ್ಲರ ಮನೆಯೂ ತಮ್ಮ ಮನೆಯ ಹಾಗೆಯೇ ಎಂದು ನಂಬಿದ್ದ ಮನುಷ್ಯ. ಡಾಕ್ಟರಮ್ಮ ಅಂಥ ಗುಂಪಿನಲ್ಲಿ ಹೋಗುವವರಲ್ಲ. ಆದರೆ ನಾನು ಈಜಿಪ್ಟ್ ನೋಡಿರಲಿಲ್ಲ, ನಿನಗೆ ತೋರಿಸುವವರು ಬೇರೆ ಯಾರಿದ್ದಾರೆ ಎಂದು ಹೊರಟರು.

ಜಗಳ ವಿಮಾನ ನಿಲ್ದಾಣದಲ್ಲೇ ಶುರುವಾಯಿತು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ತೆಗೆದು ಟ್ರೇಯಲ್ಲಿ ಹಾಕಿ ಎಂದು ತಪಾಸಣೆಯವರು ಹೇಳಿದರು. ಲಿಂಗವಿರುವ ಕರಡಿಗೆ ಅದು. ಚಪ್ಪಲಿ, ಬೆಲ್ಟು ಹೋಗುವ ಟ್ರೇಯಲ್ಲಿ ಹಾಕುವುದಿಲ್ಲ ಎಂದು ಇವರು ನಿಂತರು. ಹಿಂದೆ ಸಾಲು ಬೆಳೆಯಿತು, ಅಧ್ಯಕ್ಷರು ಬೆವರಿದರು. ಕೊನೆಗೆ ಒಬ್ಬ ಬಿಳಿಯ ಹೆಂಗಸು, ಅಲ್ಲಿನ ಅಧಿಕಾರಿ, ಪಕ್ಕದ ಕೋಣೆಗೆ ಕರೆದೊಯ್ದಳು. ಕರಡಿಗೆ ತೆರೆದು ನುಣುಪಾದ ಆ ಕಪ್ಪು ಲಿಂಗವನ್ನು ಇವರು ತಮ್ಮ ಅಂಗೈಯಲ್ಲೇ ಇಟ್ಟು ತೋರಿಸಿದರು. ಬೇರೆಯವರು ಮುಟ್ಟುವಂತಿಲ್ಲ ಎಂದರು. ಆ ಹೆಂಗಸು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿ, ಥ್ಯಾಂಕ್ಯೂ ಲವ್ ಎಂದು ಹೇಳಿ ಬಿಟ್ಟಳು. ಅಷ್ಟೊಂದು ವರ್ಷ ಡಾಕ್ಟರಮ್ಮನ ಮನೆಗೆ ಬಂದು ಉಂಡು ಹೋದ ನಮ್ಮವರಿಗೆ ಗೊತ್ತಾಗದ್ದು ಅವಳಿಗೆ ಒಂದು ಗಳಿಗೆಯಲ್ಲಿ ಗೊತ್ತಾಗಿತ್ತು.

ಲಕ್ಸರಿನಲ್ಲಿ ನೈಲ್ ನದಿಯ ಆಚೆ ದಡದಲ್ಲಿ ರಾಜರ ಕಣಿವೆಯಿದೆ. ಅಲ್ಲಿ ಎಳೆಯ ವಯಸ್ಸಿನಲ್ಲಿ ಸತ್ತ ರಾಜನೊಬ್ಬನ ದೇಹವನ್ನು ಅವನದೇ ಗೋರಿಯೊಳಗೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮೈಗೆ ಬಿಳಿ ಬಟ್ಟೆ ಹೊದಿಸಿ, ಕರಿಕಟ್ಟಿದ ಮುಖ ಮತ್ತು ಪಾದ ಮಾತ್ರ ಕಾಣುವ ಹಾಗೆ. ಡಾಕ್ಟರಮ್ಮ ಒಳಗೆ ಬರುವುದಿಲ್ಲ ಎಂದು ಹೊರಗೆ ಬಿಸಿಲಲ್ಲಿ ನಿಂತಿದ್ದವರು, ನಾವು ಬಹಳ ಹೊತ್ತಾದರೂ ಬರಲಿಲ್ಲವೆಂದು ಇಳಿದು ಬಂದರು. ಬಂದಾಗ ಅಧ್ಯಕ್ಷರು ಹೆಂಡತಿಯನ್ನು ಆ ರಾಜನ ತಲೆಯ ಪಕ್ಕ ನಿಲ್ಲಿಸಿ, ಸ್ವಲ್ಪ ನಗು ಎಂದು ಫೋನು ಎತ್ತಿದ್ದರು. ಡಾಕ್ಟರಮ್ಮ ನೇರ ಹೋಗಿ ಅವರ ಮಣಿಕಟ್ಟು ಹಿಡಿದು ಕೆಳಗಿಳಿಸಿದರು.

"ನಿಮ್ಮ ಅಪ್ಪಾರ ಹೆಣದ ಮುಂದ ಹಿಂಗ ಹಲ್ಲ ಕಿಸದು ಫೋಟೋ ತಗಸ್ಕೊಂಡಿದ್ರೇನ್ರಿ?"

ಅಧ್ಯಕ್ಷರು ನಗುತ್ತಲೇ, ಇದು ಸಾವಿರಾರು ವರ್ಷದ್ದು ಡಾಕ್ಟರಮ್ಮ, ಇದು ಇತಿಹಾಸ ಎಂದರು.

"ಎಷ್ಟ ವರ್ಷ ಆದ್ರ ಹೆಣ ಹೆಣ ಅಲ್ಲಂತ ಆಗತೈತಿ, ಅಷ್ಟ ಹೇಳ್ರಿ."

ಅಧ್ಯಕ್ಷರು ಫೋನು ಜೇಬಿಗೆ ಹಾಕಿ ಎಲ್ಲರನ್ನೂ ಬಸ್ಸಿಗೆ ಹೊರಡಿಸಿದರು. ವಯಸ್ಸಾದವರು, ಬಿಸಿಲಿಗೆ ತಲೆ ಕೆಟ್ಟಿದೆ ಎಂದು ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರೋ ಹೇಳಿದ್ದು ನನಗೆ ಕೇಳಿಸಿತು, ಅವರಿಗೂ ಕೇಳಿಸಿರಬೇಕು. ಮಾರನೆಯ ದಿನ ನದಿಯ ಮೇಲ್ಭಾಗದ ಊರಿನ ಮ್ಯೂಸಿಯಂ ಒಂದರಲ್ಲಿ ಇನ್ನೊಂದು ಗಾಜಿನ ಪೆಟ್ಟಿಗೆ ಎದುರಾಯಿತು. ರಾಜರುಗಳಿಗಿಂತ ಎಷ್ಟೋ ಹಿಂದೆ, ಬರೀ ಮರಳಿನಲ್ಲಿ ಹೂಳುತ್ತಿದ್ದ ಕಾಲದ ಒಂದು ದೇಹ. ಮೊಣಕಾಲು ಎದೆಗೆ ಮಡಿಸಿ, ಕೂತವನು ಹಾಗೇ ಮಗ್ಗುಲಿಗೆ ಉರುಳಿದ ಹಾಗಿತ್ತು. ಡಾಕ್ಟರಮ್ಮ ಅದನ್ನೊಮ್ಮೆ ನೋಡಿದರು. ಆಮೇಲೆ ಗಾಜಿಗೆ ಬೆನ್ನು ಹಾಕಿ, ಶಾಲನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು, ನಮ್ಮ ಗುಂಪು ಮುಂದಿನ ಕೋಣೆಗೆ ಹೋಗುವವರೆಗೂ ಅಡ್ಡ ನಿಂತರು. ಕಾವಲಿನವನು ಬಂದು ಮೇಡಂ ಮೇಡಂ ಎಂದ. ಅವರು ಕದಲಲಿಲ್ಲ. ನಾನು ಪಕ್ಕಕ್ಕೆ ಹೋಗಿ ನಿಂತೆ, ನನ್ನ ದುಪಟ್ಟಾವನ್ನೂ ಹಿಡಿದೆ. ಎಲ್ಲರೂ ನಮ್ಮಿಬ್ಬರನ್ನು ನೋಡಿ ನಗುತ್ತ ಹೋದರು.

ಆ ಪ್ರವಾಸದಲ್ಲಿ ಅವರಿಗೆ ಮೆಚ್ಚುಗೆಯಾದ ಜಾಗ ಒಂದೇ. ರಾಜರ ಗೋರಿ ಕೊರೆಯುತ್ತಿದ್ದ ಕೆಲಸಗಾರರು ಗುಡ್ಡದಾಚೆ ಇದ್ದ ತಮ್ಮ ಹಳ್ಳಿಯಲ್ಲಿ ತಮಗಾಗಿ ಮಾಡಿಕೊಂಡ ಸಣ್ಣ ಸಣ್ಣ ಗೋರಿಗಳು. ಮಂಚದಷ್ಟು ಅಗಲದ ಕೋಣೆ, ಕಡಿದಾದ ಮೆಟ್ಟಿಲು, ಗೋಡೆಯ ಮೇಲೆ ಗಂಡ ಹೆಂಡತಿ ಜೋಳದ ಹೊಲದಂಥ ಹೊಲದಲ್ಲಿ ಪೈರು ಕೊಯ್ಯುವ ಚಿತ್ರ, ನಿನ್ನೆ ಬಳಿದಂಥ ಹಳದಿ. ಒಳಗೆ ಈಗ ಯಾರೂ ಇಲ್ಲ. ಡಾಕ್ಟರಮ್ಮ ಆ ಮೆಟ್ಟಿಲ ಮೇಲೆ ಕೂತು ನನಗೆ ತಮ್ಮ ಗಂಡನ ವಿಷಯ ಹೇಳಿದರು. ಅವರು ತೀರಿಕೊಂಡಾಗ ಮಗ ಶಾಲೆಗೆ ಹೋಗುತ್ತಿದ್ದ. ಊರಿನಿಂದ ಯಾರಿಗೂ ಬರಲಾಗಲಿಲ್ಲ. ಮ್ಯಾಂಚೆಸ್ಟರಿನ ಹಿರಿಯರೆಲ್ಲ ಸೇರಿ, ಈ ದೇಶದಲ್ಲಿ ಕೂರಿಸಿ ಮಣ್ಣು ಮಾಡುವುದೆಲ್ಲ ಆಗುವುದಿಲ್ಲ ಎಂದು ಸುಡಿಸಿಬಿಟ್ಟರು. ಹತ್ತಾರು ಜನರ ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿದ್ದ ಹೆಂಗಸಿಗೆ ತನ್ನ ಗಂಡನ ವಿಷಯದಲ್ಲಿ ಒಂದು ಮಾತು ಆಡಲಾಗಲಿಲ್ಲ.

"ಅವತ್ತ ನನಗ ಬಾಯಿ ಇರಲಿಲ್ಲ, ಈಗ ಐತಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. "ಜೀವನಪೂರ್ತಿ ಮಂದೀನ ಮಲಗ್ಸೇನಿ ತಂಗಿ. ನನ್ನ ಮಲಗಸಬ್ಯಾಡ್ರಿ. ನಾ ಕುಂದರ್ತೇನಿ."

ವಾಪಸ್ಸು ಬಂದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ನನ್ನನ್ನು ಕರೆದುಕೊಂಡು ಕೌನ್ಸಿಲ್‌ನ ಸ್ಮಶಾನಕ್ಕೆ ಹೋದರು. ಅಲ್ಲಿ ನೆಲ ಅಗೆಸುವ ಉಸ್ತುವಾರಿಯವನು ವಯಸ್ಸಾದ ಮನುಷ್ಯ, ಕಿವಿ ಸ್ವಲ್ಪ ಮಂದ. ಇವರು ಹೇಳಿದ್ದನ್ನೆಲ್ಲ ಕೇಳಿ, ನಾನು ಕೂತವರನ್ನು ಇದುವರೆಗೆ ಹೂಳಿಲ್ಲ, ಆದರೆ ಆಳ ಹೆಚ್ಚು ಬೇಕು ಅಷ್ಟೇ ತಾನೇ ಎಂದ. ನೆಲ ಒದ್ದೆಯಿಲ್ಲದ ಎತ್ತರದ ಜಾಗ ತೋರಿಸಿದ, ಹಾಲಿ ಎಂದು ಇಲ್ಲಿ ಕರೆಯುವ ಮುಳ್ಳೆಲೆಯ ಒಂದು ಮರದ ಬುಡದಲ್ಲಿ. ನಾಲ್ಕಾರು ದಿನ ಮುಂಚೆ ತಿಳಿಸಿದರೆ ಸಾಕು, ಮಾಡಿಕೊಡುತ್ತೇವೆ ಎಂದ. ಕೂತಾಗ ನಿಮ್ಮ ಎತ್ತರ ಎಷ್ಟು ಎಂದು ಕೇಳಿದ. ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಪದ್ಮಾಸನ ಹಾಕಿ ಕೂತರು, ನಾನು ಟೇಪು ಹಿಡಿದು ನೆಲದಿಂದ ನೆತ್ತಿಯವರೆಗೆ ಅಳೆದೆ. ತುರುಬು ಸೇರಿಸಬೇಕಾ ಬೇಡವಾ ಎಂದು ನಾನು ಕೇಳಿದ್ದಕ್ಕೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಏಳಲು ನನ್ನ ಹೆಗಲು ಬೇಕಾಯಿತು.

ಮಗನಿಗೂ ಹೇಳಿದರು. ಅವನು ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನಲ್ಲಿರುವ ಹೃದಯದ ವೈದ್ಯ. ತಿಂಗಳಿಗೊಮ್ಮೆ ಭಾನುವಾರ ಊಟಕ್ಕೆ ಬರುತ್ತಿದ್ದ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಕಣ್ಣೆದುರೇ, ಅವನ ತಟ್ಟೆಗೆ ಎಣ್ಣೆಗಾಯಿ ಬಡಿಸುತ್ತ ಎಲ್ಲ ವಿವರವಾಗಿ ಹೇಳಿದರು: ಕೂರಿಸಬೇಕು, ಲಿಂಗ ಎಡಗೈಯಲ್ಲಿರಬೇಕು, ಜಾಗ ಇಲ್ಲಿದೆ, ಅಗೆಯುವವನು ಒಪ್ಪಿದ್ದಾನೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಮಮ್, ಪ್ಲೀಸ್. ನಾಟ್ ಅಟ್ ದ ಟೇಬಲ್," ಎಂದ. ಅವರು ಮತ್ತೆ ಯಾವಾಗ ಎತ್ತಿದರೂ ಅದೇ ಉತ್ತರ. ಟೇಬಲ್ ಬಿಟ್ಟು ಅವನು ಬೇರೆಲ್ಲೂ ಅಮ್ಮನ ಜೊತೆ ಕೂರುತ್ತಲೇ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಆಗ ನಾನು ಲಫ್‌ಬರೋದ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿಯಾಗಿತ್ತು. ಬಳಗದ ವಾಟ್ಸಾಪ್ ಗುಂಪಿನಲ್ಲಿ ಅಧ್ಯಕ್ಷರ ಸಂದೇಶ ಬಂತು. ಕೈಮುಗಿದ ಚಿತ್ರ, ಕೆಳಗೆ ಗುರುವಾರ ಮಧ್ಯಾಹ್ನ ಚಿತಾಗಾರದಲ್ಲಿ ಅಂತ್ಯಕ್ರಿಯೆ ಎಂದು. ನಾನು ಸಿಕ್ಕ ರೈಲು ಹತ್ತಿದೆ. ದಾರಿಯಲ್ಲೇ ಸ್ಮಶಾನದ ಆ ಮನುಷ್ಯನಿಗೆ ಫೋನು ಮಾಡಿದೆ. ಅವನಿಗೆ ಡಾಕ್ಟರಮ್ಮನ ನೆನಪಿತ್ತು. ಶುಕ್ರವಾರವೋ ಸೋಮವಾರವೋ ಆಗುತ್ತದೆ, ಕುಟುಂಬದವರು ಹೇಳಿದರೆ ಸಾಕು, ನಾಳೆಯೇ ಅಗೆಯಲು ಶುರು ಮಾಡುತ್ತೇನೆ ಎಂದ.

ಡಿಡ್ಸ್‌ಬರಿಯ ಮನೆಯ ಮುಂದಿನ ಕೋಣೆಯಲ್ಲಿ ಮಗನೂ ಅಧ್ಯಕ್ಷರೂ ಕೂತಿದ್ದರು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಕೋಟು ಬಿಚ್ಚುವ ಮುಂಚೆಯೇ ಹೇಳಿದೆ. ಮಗ ಅತ್ತಿದ್ದ, ಕಣ್ಣು ಕೆಂಪಾಗಿತ್ತು. ಅಪ್ಪನಿಗೂ ಹೀಗೇ ಮಾಡಿದ್ದು, ಅಮ್ಮ ಅಪ್ಪನ ಹಾಗೆಯೇ ಹೋಗಲಿ, ಸೋಮವಾರದವರೆಗೆ ನನ್ನ ಕೈಯಲ್ಲಿ ಕಾಯಲಾಗುವುದಿಲ್ಲ, ಆಸ್ಪತ್ರೆಯ ಪಾಳಿಯ ರೋಟಾ ಕೂಡ ಬದಲಾಯಿಸಿಯಾಗಿದೆ ಎಂದ. ರೋಟಾ. ಆ ಪದ ನನ್ನ ಕಿವಿಯಲ್ಲಿ ಈಗಲೂ ಇದೆ. ಅವನ ಎಷ್ಟು ಸಿಟ್ಟುಗಳನ್ನು, ತಮ್ಮ ಎಷ್ಟು ರೋಟಾಗಳನ್ನು ಸಹಿಸಿಕೊಂಡು ಆ ತಾಯಿ ಅವನನ್ನು ಡಾಕ್ಟರ್ ಮಾಡಿದ್ದರೋ.

ಆಗ ಅಧ್ಯಕ್ಷರು ನನ್ನ ಕಡೆ ತಿರುಗಿ, ತುಂಬ ಮೃದುವಾಗಿ ಹೇಳಿದರು. "ಹೊರದೇಶದಲ್ಲಿ ನಮ್ಮವರೆಲ್ಲ ಹೀಗೇ ಮಾಡೋದಮ್ಮಾ. ನಿಮ್ಮಲ್ಲಿ ಹೂಳೋ ಪದ್ಧತಿ, ಅದಕ್ಕೆ ನಿನಗೆ ಹಾಗನ್ನಿಸುತ್ತೆ."

ನನಗೆ ಮೈ ಉರಿದುಹೋಯಿತು. ಹೂಳುವುದು ಸಾಬರದ್ದಂತೆ. ಸತ್ತವರ ಸ್ವಂತ ಧರ್ಮ ಏನು ಹೇಳುತ್ತದೆ ಎಂದು ಗೊತ್ತಿಲ್ಲದವನು, ಗೊತ್ತಿದ್ದು ಹೇಳಲು ಬಂದವಳನ್ನು ಅವಳ ಹೆಸರು ನೋಡಿ ಬಾಯಿ ಮುಚ್ಚಿಸಿದ. ಇವರಿಗೆ ಧಾರವಾಡದವರೇ ಒಬ್ಬರು ಹೇಳಿದ್ದರೆ ಕೇಳುತ್ತಿದ್ದರೇನೋ. ಅಂಥವರು ಬಳಗದಲ್ಲಿ ಇರಲಿಲ್ಲವೆಂದೇನಿಲ್ಲ. ಇಬ್ಬರು ಅಲ್ಲೇ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದರು, ಹೊರಗೆ ಬಂದು ಒಂದು ಮಾತು ಆಡಲಿಲ್ಲ. ನಾನು ಕೂಗಾಡಿದೆ. ನನ್ನನ್ನು ಯಾರೋ ಹೆಗಲು ಹಿಡಿದು ತೋಟದ ಕಡೆಗೆ ನಡೆಸಿದರು.

ಗುರುವಾರ ಚಿತಾಗಾರದಲ್ಲಿ ಶವಪೆಟ್ಟಿಗೆಯ ಮುಂದೆ ಪರದೆ ಎಳೆದರು. ಅಧ್ಯಕ್ಷರು ಭಾಷಣ ಮಾಡಿದರು, ಡಾಕ್ಟರಮ್ಮನ ಸರಳತೆಯ ಬಗ್ಗೆ. ಮಲಗಿಸಿದ್ದರು. ಕೈಗಳನ್ನು ಎದೆಯ ಮೇಲೆ ಜೋಡಿಸಿ ಮೇಲೆ ಹೂವು ಮುಚ್ಚಿದ್ದರು. ಬಾಗಿದ ಆ ಅಂಗೈಯಲ್ಲಿ ಲಿಂಗವಾದರೂ ಇದೆ ಎಂದು ನಾನು ಅಂದುಕೊಂಡೆ. ಅಷ್ಟನ್ನು ಹಿಡಿದುಕೊಂಡೇ ಮುಂದಿನ ಎಲ್ಲ ತಿಂಗಳನ್ನು ಕಳೆದೆ.

ಬೇಸಿಗೆಯಲ್ಲಿ ಮಗ ಫೋನು ಮಾಡಿ, ಮನೆ ಖಾಲಿ ಮಾಡುತ್ತಿದ್ದೇನೆ, ಅಮ್ಮನ ಈಜಿಪ್ಟ್ ಪುಸ್ತಕಗಳು ನಿನಗೆ ಬೇಕಾದರೆ ನಮ್ಮ ಮನೆಗೆ ಬಂದು ತೆಗೆದುಕೊಂಡು ಹೋಗು ಎಂದ. ಎಜ್‌ಬಾಸ್ಟನ್ನಿಗೆ ಹೋದೆ. ಚಂದದ ಮನೆ. ಅವನೇ ಚಹಾ ಮಾಡಿ ತಂದ. ಕೂರುವ ಕೋಣೆಯ ಗೋಡೆಗೆ ಒಂದು ಗಾಜಿನ ಕಪಾಟು, ಒಳಗೆ ಸಣ್ಣ ದೀಪ. ಮೇಲಿನ ಹಲಗೆಯಲ್ಲಿ ಲಕ್ಸರಿನಿಂದ ಅಮ್ಮ ತಂದ ಕಲ್ಲಿನ ಬೆಕ್ಕು, ನೀಲಿ ಜೀರುಂಡೆ. ಕೆಳಗಿನ ಹಲಗೆಯಲ್ಲಿ ಕೆಂಪು ಮಖಮಲ್ಲಿನ ಮೇಲೆ ಇಷ್ಟಲಿಂಗ. ಪಕ್ಕದಲ್ಲಿ ಬಾಯಿ ತೆರೆದ ಬೆಳ್ಳಿ ಕರಡಿಗೆ. ಕೆಳಗೆ ಮುದ್ದಾದ ಅಕ್ಷರದಲ್ಲಿ ಅಮ್ಮನ ಲಿಂಗ, ಧಾರವಾಡ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ.

ಚಿತೆಯೊಳಗೆ ಲೋಹ ಹೋಗುವುದಿಲ್ಲ, ಅದಕ್ಕೆ ಕರಡಿಗೆಯನ್ನು ಲಿಂಗದ ಸಮೇತ ತೆಗೆದು ಕೊಟ್ಟರು ಎಂದ. ಎಷ್ಟು ಚೆನ್ನಾಗಿದೆ ನೋಡು, ಬಂದವರೆಲ್ಲ ಕೈಗೆ ತೆಗೆದುಕೊಂಡು ನೋಡಿ ಕೇಳುತ್ತಾರೆ, ನಾನು ಅಮ್ಮನ ಕಥೆ ಹೇಳುತ್ತೇನೆ ಎಂದ. ಅವನ ಮುಖದಲ್ಲಿ ನಿಜವಾದ ಪ್ರೀತಿಯಿತ್ತು. ಅದೇ ನನಗೆ ಸಹಿಸಲಾಗಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬೂದಿ ಎಲ್ಲಿ ಎಂದು ಕೇಳಿದೆ. ಗ್ಯಾರೇಜಿನ ಹಲಗೆಯ ಮೇಲಿದೆ, ಎಂದಾದರೂ ಇಂಡಿಯಾಕ್ಕೆ ಹೋದಾಗ ನದಿಗೆ ಬಿಡಬೇಕು ಎಂದ. ಬೂದಿಯನ್ನೂ ಲಿಂಗವನ್ನೂ ಒಟ್ಟಿಗೆ ಆ ಹಾಲಿ ಮರದ ಬುಡದಲ್ಲಿ ಮಣ್ಣಿಗೆ ಕೊಡಿ ಎಂದೆ. ಅವನು ಅಡ್ಡಡ್ಡ ತಲೆಯಾಡಿಸಿದ. ದಿನಾ ನೋಡಬೇಕು ಅನ್ನಿಸುತ್ತದೆ, ಕೊಡಲಾರೆ ಎಂದ. ಕಪಾಟಿಗೆ ಬೀಗವೇನೂ ಇಲ್ಲ. ನಾನೇ ತೆಗೆದುಕೊಂಡು ಬರಬಹುದಿತ್ತು. ಆದರೆ ಬೇರೆಯವರು ಮುಟ್ಟುವಂತಿಲ್ಲ ಎಂದು ಅವರು ಹೇಳಿದ್ದನ್ನು ಮೀರುವವಳು ನಾನಲ್ಲ. ಅದನ್ನು ಎತ್ತಬೇಕಾದವನು ಅವನೇ.

ಡಾಕ್ಟರಮ್ಮ ನನಗೆ ಅನ್ನ ಹಾಕಿದ್ದಾರೆ, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದಾರೆ, ಜನ ನಕ್ಕರೂ ಅಡ್ಡ ನಿಲ್ಲುವುದನ್ನು ಕಲಿಸಿದ್ದಾರೆ. ಆ ಋಣಕ್ಕೆ ನಾನು ಮಾಡಬಹುದಾದದ್ದು ಒಂದೇ ಉಳಿದಿದೆ. ತಿಂಗಳಿಗೊಂದು ಭಾನುವಾರ ಲಫ್‌ಬರೋದಿಂದ ಎಜ್‌ಬಾಸ್ಟನ್ನಿಗೆ ಹೋಗುತ್ತೇನೆ. ಅವನು ಬಾಗಿಲು ತೆರೆಯುತ್ತಾನೆ, ಬೇಡವೆನ್ನಲು ಅವನಿಗೂ ಮನಸ್ಸಿಲ್ಲ. ಒಳಗೆ ಹೋದವಳೇ ಕಪಾಟಿನ ದೀಪ ಆರಿಸಿ, ನನ್ನ ದುಪಟ್ಟಾವನ್ನು ಗಾಜಿನ ಮೇಲೆ ಇಳಿಬಿಡುತ್ತೇನೆ. ಚಹಾ ಕುಡಿಯುತ್ತೇವೆ. ಹೊರಡುವ ಮುಂಚೆ ಅವನಿಗೆ ಚೆನ್ನಾಗಿ ಅರ್ಥವಾಗುವ ಕನ್ನಡದಲ್ಲಿ, ಪ್ರತಿ ಸಲವೂ ಅದೇ ಮಾತು ಹೇಳುತ್ತೇನೆ.

"ನಿಮ್ಮಮ್ಮ ಹಲಗೆಯ ಮೇಲೆ ಇನ್ನೂ ನಿಂತೇ ಇದ್ದಾರೆ. ಅವರನ್ನು ಕೂರಿಸಿ."